ಒಂಬತ್ತು ತಿಂಗಳ ಮೊಣಕಾಲು: ವ್ಯಾನ್ ಡೈಕ್ ಮೈದಾನಕ್ಕೆ ಮರಳಿದ ಬಗೆ

2020ರ ಅಕ್ಟೋಬರ್ 17ರಂದು ಗುಡಿಸನ್ ಪಾರ್ಕ್ ಮೈದಾನದಲ್ಲಿ ಎವರ್ಟನ್ ವಿರುದ್ಧದ ಪಂದ್ಯ ಶುರುವಾಗಿ ಇನ್ನೂ ಹತ್ತು ನಿಮಿಷ ಕಳೆದಿರಲಿಲ್ಲ. ಎದುರಾಳಿ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ನುಗ್ಗಿ ಬಂದ ರಭಸಕ್ಕೆ ಲಿವರ್‌ಪೂಲ್ ಫುಟ್‌ಬಾಲ್ ತಂಡದ ರಕ್ಷಣಾ ಆಟಗಾರ ವರ್ಜಿಲ್ ವ್ಯಾನ್ ಡೈಕ್ ಅವರ ಬಲ ಮೊಣಕಾಲು ಸಿಕ್ಕಿ ತಿರುಚಿಕೊಂಡಿತು. ಹಿಂದಿನ ಲೀಗ್ ಋತುವಿನ 38 ಪಂದ್ಯಗಳಲ್ಲಿ ಒಂದು ನಿಮಿಷವನ್ನೂ ಬಿಡದೆ ಆಡಿದ್ದವರು ಕುಂಟುತ್ತ ಹೊರನಡೆದರು. ಮೊಣಕಾಲಿನ ಅಸ್ಥಿರಜ್ಜಿಗೆ ಪೆಟ್ಟಾಗಿದೆ, ಶಸ್ತ್ರಚಿಕಿತ್ಸೆ ಬೇಕು ಎಂದು ಮರುದಿನವೇ ಕ್ಲಬ್ ತಿಳಿಸಿತು. ಹರಿದದ್ದು ಎಸಿಎಲ್ (ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್), ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು. ಅಕ್ಟೋಬರ್ 30ರಂದು ಶಸ್ತ್ರಚಿಕಿತ್ಸೆ ನಡೆಯಿತು. ಅವರು ಮತ್ತೆ ಒಂದು ಪಂದ್ಯಕ್ಕೆ ಇಳಿದದ್ದು 2021ರ ಜುಲೈ 29ರಂದು. ಅಂದರೆ ಶಸ್ತ್ರಚಿಕಿತ್ಸೆಯಿಂದ ಲೆಕ್ಕ ಹಾಕಿದರೆ ಒಂಬತ್ತು ತಿಂಗಳಿಗೆ ಒಂದೇ ದಿನ ಕಡಿಮೆ.

ಮುರಿದ ಮೂಳೆ ಮೂರ್ನಾಲ್ಕು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಹಾಗಿರುವಾಗ ಕಿರುಬೆರಳಿನ ಸುಮಾರು ಅರ್ಧದಷ್ಟೇ ಉದ್ದದ ಒಂದು ನಾರಿನ ಪಟ್ಟಿಗೆ ಒಂಬತ್ತು ತಿಂಗಳು ಏಕೆ? ಜಗತ್ತಿನ ಶ್ರೇಷ್ಠ ವೈದ್ಯರು, ಬೇಕಾದಷ್ಟು ಹಣ, ದಿನವಿಡೀ ಜೊತೆಗಿರುವ ಫಿಸಿಯೊಗಳು ಇದ್ದರೂ ಆ ಅವಧಿಯನ್ನು ಅರ್ಧಕ್ಕೆ ಇಳಿಸಲಾಗದೇಕೆ? ಆಟಗಾರ ಗಾಯಗೊಂಡಾಗಲೆಲ್ಲ ಅಭಿಮಾನಿಗಳು ಕೇಳುವ ಪ್ರಶ್ನೆ ಇದು. ಉತ್ತರ ಮೊಣಕಾಲಿನ ಒಳಗಿದೆ.

ತೊಡೆಯೆಲುಬಿನ ಕೆಳತುದಿ ದುಂಡಗಿದೆ, ಕೆಳಗಾಲಿನ ಎಲುಬಿನ ಮೇಲ್ತುದಿ ಹೆಚ್ಚುಕಡಿಮೆ ಚಪ್ಪಟೆ. ದುಂಡಗಿನದು ಚಪ್ಪಟೆಯದರ ಮೇಲೆ ಜಾರದೆ ನಿಲ್ಲಬೇಕಾದರೆ ಎರಡನ್ನೂ ಹಿಡಿದಿಡುವ ಕಟ್ಟುಗಳು ಬೇಕು. ಕೀಲಿನ ಎರಡು ಬದಿಗಳಲ್ಲಿ ಒಂದೊಂದು ಅಸ್ಥಿರಜ್ಜು ಇದೆ. ಕೀಲಿನ ನಟ್ಟನಡುವೆ ಒಂದನ್ನೊಂದು ಕತ್ತರಿಸಿ ಹಾಯುವ ಇನ್ನೆರಡು ಇವೆ. ಆ ಎರಡರಲ್ಲಿ ಮುಂದಿನದೇ ಎಸಿಎಲ್. ಉದ್ದ ಸುಮಾರು ಮೂರು ಸೆಂಟಿಮೀಟರ್. ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆ, ಒಳಕ್ಕೆ ತಿರುಗದಂತೆ ಅದು ತಡೆಯುತ್ತದೆ. ನೇರ ರಸ್ತೆಯಲ್ಲಿ ನಡೆಯುವವರಿಗೆ ಅದರ ಅಗತ್ಯ ಅಷ್ಟಾಗಿ ಗೊತ್ತಾಗುವುದಿಲ್ಲ. ಎಸಿಎಲ್ ಹರಿದಿದ್ದರೂ ವರ್ಷಗಟ್ಟಲೆ ಓಡಾಡಿಕೊಂಡಿರುವವರಿದ್ದಾರೆ. ಆದರೆ ಓಡುತ್ತ ಓಡುತ್ತ ಥಟ್ಟನೆ ನಿಂತು ಪಕ್ಕಕ್ಕೆ ತಿರುಗಬೇಕಾದ ಫುಟ್‌ಬಾಲ್ ಆಟಗಾರನಿಗೆ ಅದಿಲ್ಲದೆ ಆಟವೇ ಇಲ್ಲ.

ವ್ಯಾನ್ ಡೈಕ್ ಅವರದು ಮತ್ತೊಬ್ಬ ಆಟಗಾರನ ಡಿಕ್ಕಿಯಿಂದ ಆದ ಗಾಯ. ಫುಟ್‌ಬಾಲ್‌ನಲ್ಲಿ ಹೆಚ್ಚಿನ ಎಸಿಎಲ್ ಗಾಯಗಳು ಹಾಗೆ ಆಗುವುದಿಲ್ಲ. ಎದುರಾಳಿಯ ಕಡೆಗೆ ವೇಗವಾಗಿ ಧಾವಿಸಿ, ಆತ ಚೆಂಡನ್ನು ಬೇರೆ ದಿಕ್ಕಿಗೆ ಎಳೆದಾಗ ತಾನೂ ತಿರುಗಲು ಒಂದು ಕಾಲನ್ನು ಗಟ್ಟಿಯಾಗಿ ಊರುವ ಆ ಅರೆಕ್ಷಣದಲ್ಲಿ, ಯಾರೂ ಮೊಣಕಾಲನ್ನು ಮುಟ್ಟದೆಯೇ ಅದು ಹರಿದುಹೋಗುತ್ತದೆ.

ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಚರ್ಮ ಕೊಯ್ದುಕೊಂಡರೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಮೇಲೆ ಹೊಸ ಅಂಗಾಂಶ ಬೆಳೆಯುತ್ತದೆ. ಎಸಿಎಲ್ ಇರುವುದು ಕೀಲಿನ ದ್ರವದ ನಡುವೆ. ಅಲ್ಲಿ ಹೆಪ್ಪು ನಿಲ್ಲದೆ ಕರಗಿಹೋಗುತ್ತದೆ, ರಕ್ತದ ಪೂರೈಕೆಯೂ ಕಡಿಮೆ. ಆದ್ದರಿಂದ ಶಸ್ತ್ರಚಿಕಿತ್ಸಕರು ಹರಿದದ್ದನ್ನು ಹೊಲಿಯುವ ಬದಲು ಆಟಗಾರನ ದೇಹದಿಂದಲೇ ಬೇರೊಂದು ಪಟ್ಟಿಯನ್ನು ತೆಗೆದು ಕಸಿ ಮಾಡುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ (ಸ್ನಾಯುವನ್ನು ಎಲುಬಿಗೆ ಜೋಡಿಸುವ ಗಟ್ಟಿ ನಾರಿನ) ನಡುಭಾಗವನ್ನು, ಎರಡು ತುದಿಯ ಮೂಳೆಯ ತುಣುಕುಗಳ ಸಮೇತ, ತೆಗೆಯುವುದು ಒಂದು ದಾರಿ. ತೊಡೆಯ ಹಿಂಭಾಗದ ಸ್ನಾಯುಗಳ ರಜ್ಜು ಇನ್ನೊಂದು. ತೊಡೆಯ ಮುಂಭಾಗದ ಸ್ನಾಯುವಿನ ರಜ್ಜನ್ನು ಬಳಸುವವರೂ ಇದ್ದಾರೆ. ಎರಡೂ ಎಲುಬುಗಳಲ್ಲಿ ಸುರಂಗ ಕೊರೆದು, ಈ ಪಟ್ಟಿಯನ್ನು ಹಾಯಿಸಿ, ತುದಿಗಳನ್ನು ತಿರುಪಿನಿಂದಲೋ ಗುಂಡಿಯಂಥ ಲೋಹದ ಬಿಲ್ಲೆಯಿಂದಲೋ ಭದ್ರಪಡಿಸುತ್ತಾರೆ. ಶಸ್ತ್ರಚಿಕಿತ್ಸೆ ಮುಗಿಯಲು ಒಂದೆರಡು ಗಂಟೆ ಸಾಕು. ಉಳಿದದ್ದೆಲ್ಲ ದೇಹ ಮಾಡಬೇಕಾದ ಕೆಲಸ.

ಕಸಿ ಮಾಡಿದ ಆ ಪಟ್ಟಿ ಮೊದಲ ದಿನ ಇದ್ದಷ್ಟು ಗಟ್ಟಿಯಾಗಿ ಎರಡನೆಯ ತಿಂಗಳಲ್ಲಿ ಇರುವುದಿಲ್ಲ. ಮೂಲ ಜಾಗದಿಂದ ಕಿತ್ತು ತಂದಾಗ ಅದರ ರಕ್ತನಾಳಗಳ ಸಂಪರ್ಕ ಕಡಿದುಹೋಗಿರುತ್ತದೆ. ಒಳಗಿನ ಜೀವಕೋಶಗಳು ಸಾಯುತ್ತವೆ. ಬಳಿಕ ಸುತ್ತಲಿನಿಂದ ಹೊಸ ರಕ್ತನಾಳಗಳು, ಹೊಸ ಕೋಶಗಳು ಒಳಹೊಗುತ್ತವೆ. ಹಳೆಯ ನಾರುಗಳು ಕರಗಿ ಹೊಸ ನಾರುಗಳು ಹುಟ್ಟಿಕೊಳ್ಳುವ ಈ ಹಂತದಲ್ಲಿ, ಸುಮಾರು ಆರರಿಂದ ಹನ್ನೆರಡನೆಯ ವಾರದ ನಡುವೆ, ಪಟ್ಟಿ ಅತ್ಯಂತ ದುರ್ಬಲವಾಗಿರುತ್ತದೆ. ಕ್ರೂರವಾದ ಸಂಗತಿಯೆಂದರೆ, ಆಟಗಾರನಿಗೆ ತಾನು ಗುಣವಾದೆ ಎನ್ನಿಸತೊಡಗುವುದೂ ಆಗಲೇ. ನೋವು ಇಳಿದಿರುತ್ತದೆ, ಊತ ಹೋಗಿರುತ್ತದೆ, ನಡಿಗೆ ಸರಿಹೋಗಿರುತ್ತದೆ. ಕಸಿ ಕಟ್ಟಿದ ಮಾವಿನ ಗಿಡದ ಚಿಗುರು ನೋಡಿ ಕಟ್ಟು ಬಿಚ್ಚಿದರೆ ಏನಾಗುತ್ತದೆಂದು ತೋಟದವರಿಗೆ ಗೊತ್ತು. ಮೊಣಕಾಲಿನಲ್ಲಿ ಆ ಬೆಸುಗೆ ಕಣ್ಣಿಗೆ ಕಾಣುವುದೂ ಇಲ್ಲ. ಅಲ್ಲಿಂದ ಮುಂದೆ ನಾರುಗಳು ಎಳೆತದ ದಿಕ್ಕಿಗೆ ತಕ್ಕಂತೆ ಸಾಲುಗೂಡಿ ಬಲಗೊಳ್ಳಲು ತಿಂಗಳುಗಳೇ ಬೇಕು. ವರ್ಷ ಕಳೆದ ಮೇಲೂ ಈ ಬದಲಾವಣೆ ನಡೆಯುತ್ತಲೇ ಇರುತ್ತದೆ. ಯಾವ ಔಷಧಕ್ಕೂ ಯಾವ ಯಂತ್ರಕ್ಕೂ ಈ ಗತಿಯನ್ನು ಇಮ್ಮಡಿಗೊಳಿಸುವ ಶಕ್ತಿ ಇನ್ನೂ ಬಂದಿಲ್ಲ.

ಕಸಿಗಿಂತಲೂ ಹೆಚ್ಚು ಕಾಡುವುದು ಸ್ನಾಯು. ಮೊಣಕಾಲಿನೊಳಗೆ ಊತ ಬಂದೊಡನೆ ನರಮಂಡಲವು ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ಹೋಗುವ ಆದೇಶವನ್ನು ತಾನಾಗಿಯೇ ತಗ್ಗಿಸಿಬಿಡುತ್ತದೆ. ಇದು ಮನಸ್ಸಿನ ಹಿಡಿತದಲ್ಲಿಲ್ಲ. ದಿನವೂ ನೂರು ಕಿಲೋ ತೂಕ ಎತ್ತುತ್ತಿದ್ದ ಕ್ರೀಡಾಪಟು ಹಾಸಿಗೆಯ ಮೇಲೆ ಕಾಲು ಚಾಚಿ, ತೊಡೆ ಬಿಗಿಮಾಡಲು ಹೋಗಿ, ಸ್ನಾಯು ಅಲುಗದೆ ಇರುವುದನ್ನು ನೋಡುತ್ತಾನೆ. ಬಳಸದ ಸ್ನಾಯು ಕೆಲವೇ ವಾರಗಳಲ್ಲಿ ಕರಗಿ ತೊಡೆ ಸಣ್ಣಗಾಗುತ್ತದೆ. ಅದಕ್ಕಾಗಿಯೇ ಅನೇಕ ತಜ್ಞರು ಗಾಯವಾದ ಕೂಡಲೇ ಶಸ್ತ್ರಚಿಕಿತ್ಸೆಗೆ ಕೈಹಾಕದೆ, ಊತ ಇಳಿದು ಕಾಲು ಪೂರ್ತಿ ನೇರವಾಗಿ ಚಾಚುವಂತಾಗಲಿ, ತೊಡೆ ಎಚ್ಚರಗೊಳ್ಳಲಿ ಎಂದು ಕಾಯುತ್ತಾರೆ. ವ್ಯಾನ್ ಡೈಕ್ ಅವರ ಗಾಯಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ 13 ದಿನಗಳಿದ್ದವು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳ ಗುರಿಗಳನ್ನು ಕೇಳಿದರೆ ಇವೂ ತರಬೇತಿಯೇ ಎನ್ನಿಸಬಹುದು. ಕಾಲು ಪೂರ್ತಿ ಚಾಚಬೇಕು. ಕುಂಟದೆ ನಡೆಯಬೇಕು. ಚಾಚಿದ ಕಾಲನ್ನು ಮೊಣಕಾಲು ಬಾಗದಂತೆ ಮೇಲೆತ್ತಬೇಕು. ತೊಡೆಗೆ ವಿದ್ಯುತ್ ಪ್ರಚೋದನೆ ಕೊಟ್ಟು ಸ್ನಾಯುವನ್ನು ಎಬ್ಬಿಸುತ್ತಾರೆ. ತೊಡೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿದು ರಕ್ತದ ಹರಿವನ್ನು ಅಳತೆಯಲ್ಲಿ ತಗ್ಗಿಸಿ, ಕಡಿಮೆ ತೂಕದಲ್ಲೇ ಹೆಚ್ಚು ತೂಕದ ಫಲ ಪಡೆಯುವ ವಿಧಾನವೂ ಇದೆ. ಭಾರ ಹೊರಲಾಗದ ಕೀಲಿಗೆ ಅದೊಂದು ವರ. ಆಮೇಲೆ ಸ್ಥಿರ ಸೈಕಲ್, ಈಜುಕೊಳದ ನೀರಿನಲ್ಲಿ ನಡಿಗೆ, ಗಾಳಿಯ ಒತ್ತಡದಿಂದ ದೇಹದ ಭಾರವನ್ನು ಇಳಿಸುವ ಟ್ರೆಡ್‌ಮಿಲ್‌ನಲ್ಲಿ ಮೆಲ್ಲನೆ ಓಟ. ಲಿವರ್‌ಪೂಲ್ ಕ್ಲಬ್ ತನ್ನ ಹಳೆಯ ಮೆಲ್‌ವುಡ್ ಕೇಂದ್ರವನ್ನು ಬಿಟ್ಟು ಕರ್ಕ್‌ಬಿಯ ಹೊಸ ತರಬೇತಿ ಕೇಂದ್ರಕ್ಕೆ ಹೋದದ್ದು 2020ರ ನವೆಂಬರ್‌ನಲ್ಲಿ, ವ್ಯಾನ್ ಡೈಕ್ ಅವರ ಶಸ್ತ್ರಚಿಕಿತ್ಸೆಯ ಬೆನ್ನಿಗೇ. ಚಿಕಿತ್ಸೆಗೆಂದೇ ಕಟ್ಟಿದ ಕೊಳಗಳೂ ಅಲ್ಲಿದ್ದವು.

ಹೀಗೆ ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ನೇರ ಓಟ ಸಾಧ್ಯವಾಗುತ್ತದೆ. ಅಭಿಮಾನಿಗಳಿಗೆ ಮೊಬೈಲ್‌ನಲ್ಲಿ ಒಂದು ವಿಡಿಯೊ ಸಿಗುತ್ತದೆ: ನಮ್ಮ ಆಟಗಾರ ಓಡುತ್ತಿದ್ದಾನೆ! ಮುಂದಿನ ವಾರ ಆಡಲಾರನೇಕೆ? ಇಲ್ಲೇ ಎಲ್ಲರೂ ಮೋಸಹೋಗುವುದು. ನೇರ ಓಟದಲ್ಲಿ ಎಸಿಎಲ್‌ಗೆ ಹೆಚ್ಚಿನ ಕೆಲಸವಿಲ್ಲ. ಕೆಲಸ ಬೀಳುವುದು ನಿಲ್ಲುವಾಗ. ಪೂರ್ಣ ವೇಗದಿಂದ ಎರಡು ಮೂರು ಹೆಜ್ಜೆಗಳಲ್ಲಿ ನಿಂತಾಗ ಮೊಣಕಾಲಿನ ಮೇಲೆ ಬೀಳುವ ಬಲ ವೇಗ ಹೆಚ್ಚಿಸುವಾಗಿನದಕ್ಕಿಂತ ಬಹಳ ಹೆಚ್ಚು. ವ್ಯಾನ್ ಡೈಕ್ ಅವರಂಥ ರಕ್ಷಣಾ ಆಟಗಾರನ ಬದುಕೇ ಅದು: ಹಿಂದಕ್ಕೆ ಓಡುತ್ತಿದ್ದವನು ಗಿರಕ್ಕನೆ ತಿರುಗಬೇಕು, ಎದುರಾಳಿಯ ಭುಜ ತಾಗುತ್ತಿರುವಾಗಲೇ ತಲೆಗೆ ಚೆಂಡು ಸಿಗುವಂತೆ ನೆಗೆಯಬೇಕು, ಬಳಿಕ ತನ್ನ ಆರಡಿ ನಾಲ್ಕಂಗುಲದ ಮೈಭಾರವನ್ನು ಒಂದೇ ಕಾಲಿನ ಮೇಲೆ ಇಳಿಸಬೇಕು. ಇದೆಲ್ಲವನ್ನೂ ಮೊದಲು ಗೊತ್ತಿದ್ದ ದಿಕ್ಕಿಗೆ, ಆಮೇಲೆ ಫಿಸಿಯೊ ಕೊನೆಯ ಕ್ಷಣದಲ್ಲಿ ತೋರಿಸುವ ದಿಕ್ಕಿಗೆ, ಆಮೇಲೆ ಚೆಂಡಿನೊಂದಿಗೆ, ಕಟ್ಟಕಡೆಗೆ ನಿಜವಾದ ಎದುರಾಳಿಯೊಂದಿಗೆ ಕಲಿಯಬೇಕು. ಕಾಲಿನ ಕಡೆ ಗಮನವೇ ಇಲ್ಲದಾಗಲೂ ಕಾಲು ಸರಿಯಾಗಿ ಊರಿದರೆ ಮಾತ್ರ ಕಲಿತಂತೆ.

ಆಟಗಾರ ಸಿದ್ಧನೇ ಎಂದು ಅಳೆಯುವುದು ಹೇಗೆ? ಯಂತ್ರದಲ್ಲಿ ಎರಡೂ ಕಾಲುಗಳ ಬಲ ಅಳೆದು, ಗಾಯಗೊಂಡ ಕಾಲು ಇನ್ನೊಂದರ ಕನಿಷ್ಠ ಶೇ 90ರಷ್ಟು ಬಲ ತೋರಬೇಕೆಂಬುದು ಬಹಳ ಕಡೆ ರೂಢಿಯಲ್ಲಿರುವ ಗೆರೆ. ಇದರಲ್ಲೊಂದು ಬಲೆಯಿದೆ. ತಿಂಗಳುಗಟ್ಟಲೆ ಆಟವಿಲ್ಲದೆ ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ ಎರಡು ಕಾಲುಗಳು ಸಮವಾಗಿದ್ದರೆ ಪರೀಕ್ಷೆಯಲ್ಲಿ ಪಾಸಾಗುತ್ತವೆ! ದೊಡ್ಡ ಕ್ಲಬ್‌ಗಳ ನಿಜವಾದ ಅನುಕೂಲ ನನ್ನ ಪ್ರಕಾರ ಇಲ್ಲಿದೆ: ಗಾಯಕ್ಕೆ ಮುಂಚಿನ ಅಳತೆಗಳೆಲ್ಲ ಅವುಗಳ ಬಳಿ ಇರುತ್ತವೆ. ಆಟಗಾರನನ್ನು ಅವನ ಹಳೆಯ ಅಂಕಿಗಳ ಜೊತೆಗೇ ಹೋಲಿಸಬಹುದು. ಒಂಟಿಕಾಲಿನ ಜಿಗಿತದ ಪರೀಕ್ಷೆಯೂ ಹೀಗೆಯೇ ಕಣ್ಣಿಗೆ ಮಣ್ಣೆರಚಬಲ್ಲದು. ಸೊಂಟ ಮತ್ತು ಪಾದದ ಕೀಲು ಸೇರಿ ಮೊಣಕಾಲಿನ ಕೊರತೆಯನ್ನು ಮುಚ್ಚಿ ದೂರವನ್ನು ಸರಿದೂಗಿಸಿಬಿಡುತ್ತವೆ. ಎಷ್ಟು ದೂರ ಜಿಗಿದ ಎನ್ನುವುದಕ್ಕಿಂತ ಹೇಗೆ ಇಳಿದ ಎನ್ನುವುದನ್ನು ನೋಡುವವರು ಬೇಕು.

ಒಂಬತ್ತು ತಿಂಗಳು ಎಂಬ ಗಡುವಿಗೂ ಆಧಾರವಿದೆ. ನಾರ್ವೆಯ ಸಂಶೋಧಕರು ಎಸಿಎಲ್ ಶಸ್ತ್ರಚಿಕಿತ್ಸೆಯಾದ 106 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಬತ್ತನೆಯ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮೊಣಕಾಲು ಮತ್ತೆ ಗಾಯಗೊಳ್ಳುವ ಪ್ರಮಾಣ ಶೇ 51ರಷ್ಟು ಇಳಿಯಿತು. ಕತಾರ್‌ನಲ್ಲಿ 158 ವೃತ್ತಿಪರ ಪುರುಷ ಕ್ರೀಡಾಪಟುಗಳ ಮೇಲೆ ನಡೆದ ಮತ್ತೊಂದು ಅಧ್ಯಯನದಲ್ಲಿ, ಆರು ಪರೀಕ್ಷೆಗಳನ್ನು ಪೂರ್ತಿ ದಾಟದೆ ಆಟಕ್ಕೆ ಮರಳಿದವರಲ್ಲಿ ಕಸಿ ಮತ್ತೆ ಹರಿಯುವ ಅಪಾಯ ನಾಲ್ಕು ಪಟ್ಟು ಕಂಡುಬಂತು. ಸಮಯವೂ ಬೇಕು, ಪರೀಕ್ಷೆಯೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಈಗ 2021ರ ಮೇ ತಿಂಗಳಿಗೆ ಬರೋಣ. ವ್ಯಾನ್ ಡೈಕ್ ಇಲ್ಲದ ಲಿವರ್‌ಪೂಲ್ ಆ ಋತುವಿನಲ್ಲಿ ನಲುಗಿಹೋಗಿತ್ತು. ನವೆಂಬರ್‌ನಲ್ಲಿ ಇಂಗ್ಲೆಂಡ್ ತಂಡದ ಅಭ್ಯಾಸದ ವೇಳೆ ರಕ್ಷಣೆಯ ಜೊತೆಗಾರ ಜೋ ಗೋಮೆಜ್ ಅವರ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ಚಳಿಗಾಲ ಮುಗಿಯುವ ಮೊದಲೇ ಮತ್ತೊಬ್ಬ ರಕ್ಷಣಾ ಆಟಗಾರ ಜೋಯೆಲ್ ಮ್ಯಾಟಿಪ್ ಕೂಡ ಪಾದದ ಕೀಲಿನ ಗಾಯದಿಂದ ಹೊರಗುಳಿದರು. ತವರು ಮೈದಾನದಲ್ಲಿ ತಂಡ ಸತತ ಆರು ಲೀಗ್ ಪಂದ್ಯ ಸೋತಿತು. ಕ್ಲಬ್ಬಿನ ಇತಿಹಾಸದಲ್ಲೇ ಹಾಗಾಗಿರಲಿಲ್ಲ. ಅತ್ತ ಅವರ ದೇಶವಾದ ನೆದರ್ಲೆಂಡ್ಸ್ ತಂಡಕ್ಕೆ ಯುರೋಪಿನ ದೇಶಗಳ ನಡುವಿನ ಯೂರೊ ಟೂರ್ನಿ ಎದುರಿಗಿತ್ತು, ಜೂನ್ 11ಕ್ಕೆ ಆರಂಭ. ಆ ತಂಡ 2016ರ ಯೂರೊಗೂ 2018ರ ವಿಶ್ವಕಪ್‌ಗೂ ಅರ್ಹತೆ ಪಡೆದಿರಲಿಲ್ಲವಾದ್ದರಿಂದ, ನಾಯಕ ವ್ಯಾನ್ ಡೈಕ್ ಅವರಿಗೆ ಅದು ಮೊದಲ ದೊಡ್ಡ ಟೂರ್ನಿ ಆಗುವುದಿತ್ತು. ವಯಸ್ಸು 30ರ ಹೊಸ್ತಿಲಲ್ಲಿತ್ತು. ಶಸ್ತ್ರಚಿಕಿತ್ಸೆಯಾಗಿ ಏಳು ತಿಂಗಳು ದಾಟಿರುತ್ತಿತ್ತು, ಓಡಲು ಬರುತ್ತಿತ್ತು. ಅವರು ಹೋಗುವುದಿಲ್ಲ ಎಂದರು.

ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ನಿರ್ಧಾರ ಅದು. ಟೂರ್ನಿಗೆ ಹೋಗಿದ್ದರೆ ಅವರ ಮೊದಲ ಪಂದ್ಯವೇ ದೇಶದ ಮಾನದ ಪಂದ್ಯವಾಗುತ್ತಿತ್ತು. ಇಪ್ಪತ್ತು ನಿಮಿಷ ಆಡಿ ಸಾಕು ಎನ್ನುವ ಅವಕಾಶ ಇರುತ್ತಿರಲಿಲ್ಲ. ಬದಲಿಗೆ ಅವರಿಗೆ ಸಿಕ್ಕಿದ್ದು ಒಂದು ಪೂರ್ಣ ಬೇಸಿಗೆ. ನೆದರ್ಲೆಂಡ್ಸ್ ಜೂನ್ 27ರಂದು ಬುಡಾಪೆಸ್ಟ್‌ನಲ್ಲಿ ಜೆಕ್ ತಂಡಕ್ಕೆ 2-0ಯಿಂದ ಸೋತು ಹೊರಬಿತ್ತು. ನಾಯಕ ಇದ್ದಿದ್ದರೆ ಗೆಲ್ಲುತ್ತಿತ್ತೇ ಎಂಬ ಚರ್ಚೆ ನಡೆದೇ ನಡೆಯಿತು. ಮೊಣಕಾಲಿಗೆ ಆ ಚರ್ಚೆ ಕೇಳಿಸುವುದಿಲ್ಲ.

ಋತುವಿನ ಬಿಡುವು ಆರೋಗ್ಯವಂತ ಆಟಗಾರನಿಗೆ ಬೇರೆ, ಗಾಯದಿಂದ ಏಳುತ್ತಿರುವವನಿಗೆ ಬೇರೆ. ಯುರೋಪಿನಲ್ಲಿ ಋತು ಮೇ ಕೊನೆಗೆ ಮುಗಿದು ಜುಲೈ ಮೊದಲ ವಾರಗಳಲ್ಲಿ ಪೂರ್ವತಯಾರಿ ಶುರುವಾಗುತ್ತದೆ. ಆರೋಗ್ಯವಂತ ಆಟಗಾರರು ಮೊದಲ ಎರಡು ವಾರ ಮೈಮನಸ್ಸಿಗೆ ವಿಶ್ರಾಂತಿ ಕೊಟ್ಟು, ಆಮೇಲೆ ಕ್ಲಬ್ ಕೊಟ್ಟ ಓಟದ ಮತ್ತು ತೂಕದ ಪಟ್ಟಿಯನ್ನು ಮನೆಯಲ್ಲೇ ಮಾಡಿಕೊಂಡು ಬರುತ್ತಾರೆ. ಅಂದಿನ ಮುಖ್ಯ ತರಬೇತುದಾರ ಯೂರ್ಗನ್ ಕ್ಲಾಪ್ ಅವರ ಲಿವರ್‌ಪೂಲ್‌ನಲ್ಲಿ ಶಿಬಿರದ ಮೊದಲ ದಿನವೇ, ವೇಗ ಹೆಚ್ಚಿಸುತ್ತ ಓಡಿಸಿ ಕಿವಿಯಿಂದ ಹನಿ ರಕ್ತ ತೆಗೆದು, ಶ್ರಮ ಹೆಚ್ಚಿದಂತೆ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಅಂಶವನ್ನು ಅಳೆಯುವ ಪರೀಕ್ಷೆ ಇರುತ್ತಿತ್ತು. ರಜೆಯಲ್ಲಿ ಯಾರು ಏನು ಮಾಡಿದರೆಂದು ಅಲ್ಲಿ ಬಯಲಾಗುತ್ತಿತ್ತು. ಜೇಮ್ಸ್ ಮಿಲ್ನರ್ ಮೂವತ್ತು ದಾಟಿದ ಮೇಲೂ ಅದರಲ್ಲಿ ಮುಂದಿರುತ್ತಿದ್ದುದು ಹೆಸರುವಾಸಿ.

ಗಾಯದಿಂದ ಏಳುತ್ತಿರುವವನಿಗೆ ಬಿಡುವಿನಲ್ಲಿ ವಿಶ್ರಾಂತಿಯಿಲ್ಲ. ಆದರೆ ಅವನಿಗೆ ಮತ್ತೊಂದು ಲಾಭವಿದೆ: ಯಾರೂ ಅವನಿಗಿಂತ ಮುಂದೆ ಓಡುತ್ತಿರುವುದಿಲ್ಲ. ಋತುವಿನ ನಡುವೆ ಮರಳುವವನು ಈಗಾಗಲೇ ಮೂವತ್ತು ಪಂದ್ಯ ಆಡಿ ಹದಗೊಂಡವರ ನಡುವೆ ಬಂದು ಬೀಳುತ್ತಾನೆ. ಪೂರ್ವತಯಾರಿಯಲ್ಲಿ ಎಲ್ಲರೂ ಸೊನ್ನೆಯಿಂದ ಏರುತ್ತಿರುತ್ತಾರೆ. 2021ರ ಜುಲೈನಲ್ಲಿ ಲಿವರ್‌ಪೂಲ್ ಆಸ್ಟ್ರಿಯಾದಲ್ಲಿ ಬಿಡಾರ ಹೂಡಿದಾಗ ವ್ಯಾನ್ ಡೈಕ್ ಮತ್ತು ಗೋಮೆಜ್ ಇಬ್ಬರೂ ಅಲ್ಲಿದ್ದರು, ಮೊದಮೊದಲು ಗುಂಪಿನಿಂದ ದೂರವಾಗಿ, ತಮ್ಮದೇ ಅಭ್ಯಾಸದಲ್ಲಿ. ಬೆನ್ನಿಗೆ ಕಟ್ಟಿದ ಜಿಪಿಎಸ್ ಸಾಧನ ಓಟದ ದೂರ, ಅತಿವೇಗದ ಓಟಗಳು, ಥಟ್ಟನೆ ನಿಂತ ಸಲಗಳನ್ನು ಎಣಿಸುತ್ತದೆ. ಈ ವಾರದ ದುಡಿಮೆ ಕಳೆದ ನಾಲ್ಕು ವಾರಗಳ ಸರಾಸರಿಯನ್ನು ಒಮ್ಮೆಲೇ ಮೀರಿ ನೆಗೆಯದಂತೆ ನೋಡಿಕೊಳ್ಳುವುದು ತರಬೇತುದಾರರ ಲೆಕ್ಕಾಚಾರ. ಎಸಿಎಲ್ ಗುಣವಾದವನು ಮರಳಿದ ತಿಂಗಳಲ್ಲೇ ತೊಡೆಯ ಹಿಂಭಾಗವನ್ನೋ ಮೀನಖಂಡವನ್ನೋ ಎಳೆದುಕೊಂಡು ಮತ್ತೆ ಕೂರುವುದು ಅಪರೂಪವಲ್ಲ. ಅಂಥ ಎಡವಟ್ಟುಗಳು ಹೆಚ್ಚಾಗಿ ಈ ಲೆಕ್ಕ ತಪ್ಪಿದಾಗಿನವು.

ಜುಲೈ 29ರಂದು ಇನ್ಸ್‌ಬ್ರಕ್‌ನಲ್ಲಿ ಜರ್ಮನಿಯ ಹೆರ್ತಾ ಬರ್ಲಿನ್ ವಿರುದ್ಧದ ಸೌಹಾರ್ದ ಪಂದ್ಯದ ಕೊನೆಯ ಸುಮಾರು ಇಪ್ಪತ್ತು ನಿಮಿಷಗಳಿಗೆ ವ್ಯಾನ್ ಡೈಕ್, ಗೋಮೆಜ್ ಇಬ್ಬರೂ ಜೊತೆಯಾಗಿ ಇಳಿದರು. ಲಿವರ್‌ಪೂಲ್ 4-3ರಿಂದ ಸೋತಿತು. ಫಲಿತಾಂಶದ ಕಡೆ ಯಾರೂ ನೋಡಲಿಲ್ಲ. ಆಗಸ್ಟ್ 14ರಂದು ನಾರಿಚ್ ವಿರುದ್ಧ ಲೀಗ್‌ನ ಮೊದಲ ಪಂದ್ಯದಲ್ಲಿ ವ್ಯಾನ್ ಡೈಕ್ ಆರಂಭದಿಂದ ಆಡಿದರು, ತಂಡ 3-0ಯಿಂದ ಗೆದ್ದಿತು. ಆ ಋತುವಿನಲ್ಲಿ ಅವರು ಆಡಿದ್ದು 51 ಪಂದ್ಯ. ಲೀಗ್ ಕಪ್, ಎಫ್‌ಎ ಕಪ್ ಎರಡೂ ಬಂದವು, ಲೀಗ್ ಪ್ರಶಸ್ತಿ ಒಂದು ಅಂಕದಿಂದ ತಪ್ಪಿತು, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಸೋಲಾಯಿತು. ತಪ್ಪಿಸಿಕೊಂಡಿದ್ದ ದೊಡ್ಡ ಟೂರ್ನಿ 2022ರ ಕತಾರ್ ವಿಶ್ವಕಪ್‌ನಲ್ಲಿ ಸಿಕ್ಕಿತು, ನಾಯಕನಾಗಿಯೇ.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ. ಬ್ರೆಜಿಲ್‌ನ ರೊನಾಲ್ಡೊ ಅವರದು ಎಸಿಎಲ್ ಅಲ್ಲ, ಮಂಡಿಚಿಪ್ಪಿನ ಸ್ನಾಯುರಜ್ಜು. 1999ರ ನವೆಂಬರ್‌ನಲ್ಲಿ ಅದು ಭಾಗಶಃ ಹರಿದು ಶಸ್ತ್ರಚಿಕಿತ್ಸೆಯಾಯಿತು. ಐದು ತಿಂಗಳೂ ತುಂಬದೆ, 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಲಾಜಿಯೊ ವಿರುದ್ಧ ಬದಲಿ ಆಟಗಾರನಾಗಿ ಇಳಿದ ಅವರು ಕೆಲವೇ ನಿಮಿಷಗಳಲ್ಲಿ, ಯಾರೂ ಮುಟ್ಟದೆ, ಕುಸಿದು ಬಿದ್ದರು. ಈ ಸಲ ರಜ್ಜು ಪೂರ್ತಿ ಹರಿದಿತ್ತು. ಎರಡು ವರ್ಷಗಳ ನಂತರದ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದು ಬ್ರೆಜಿಲ್‌ಗೆ ಕಪ್ ತಂದುಕೊಟ್ಟದ್ದು ಫುಟ್‌ಬಾಲ್‌ನ ಮಹಾ ಪುನರಾಗಮನಗಳಲ್ಲಿ ಒಂದು, ನಿಜ. ಆದರೂ ಆ ಏಪ್ರಿಲ್ ರಾತ್ರಿಯ ಚೀರಾಟ ಕೇಳಿದವರು ಬೇಗ ಮರಳಿದ ಆಟಗಾರನನ್ನು ಹೊಗಳಲು ಹಿಂಜರಿಯುತ್ತಾರೆ. ಯುರೋಪಿನ ಉನ್ನತ ಮಟ್ಟದ ಕ್ಲಬ್‌ಗಳನ್ನು 15 ಋತುಗಳ ಕಾಲ ಗಮನಿಸಿದ ಅಧ್ಯಯನವೊಂದರಲ್ಲಿ, ಎಸಿಎಲ್ ಹರಿದ ಆಟಗಾರರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಂದು ವರ್ಷದೊಳಗೆ ಮರಳಿದ್ದರು. ಮೂರು ವರ್ಷಗಳ ಬಳಿಕ ಅದೇ ಎತ್ತರದ ಮಟ್ಟದಲ್ಲಿ ಆಡುತ್ತಿದ್ದವರು ಶೇ 65 ಮಾತ್ರ. ಮಹಿಳಾ ಆಟಗಾರರಿಗೆ ಈ ಗಾಯದ ಅಪಾಯ ಪುರುಷರಿಗಿಂತ ಎರಡು ಮೂರು ಪಟ್ಟು. ಸ್ಪೇನ್‌ನ ಅಲೆಕ್ಸಿಯಾ ಪುತೆಯಾಸ್ 2022ರ ಜುಲೈ 5ರಂದು, ಯೂರೊ ಆರಂಭವಾಗುವ ಮುನ್ನಾದಿನ, ಎಸಿಎಲ್ ಹರಿದುಕೊಂಡರು. ಮತ್ತೆ ಆಡಿದ್ದು 2023ರ ಏಪ್ರಿಲ್ ಕೊನೆಗೆ. ಅದೇ ಆಗಸ್ಟ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ನಮ್ಮ ಓದುಗರಿಗೆ ರಿಷಭ್ ಪಂತ್ ನೆನಪಾಗಬಹುದು. 2022ರ ಡಿಸೆಂಬರ್‌ನ ಕಾರು ಅಪಘಾತದಲ್ಲಿ ಬಲ ಮೊಣಕಾಲಿನ ಅಸ್ಥಿರಜ್ಜುಗಳು ಹರಿದ ಮೇಲೆ ಅವರು ತಿಂಗಳುಗಟ್ಟಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆದರು. ಮುಂದೆ ಬೆಂಗಳೂರು ಎಫ್‌ಸಿ ಪರ ಆಡಿದ ಸಂದೇಶ್ ಝಿಂಗನ್ ಅವರಿಗೂ 2019ರಲ್ಲಿ ಎಸಿಎಲ್ ಹರಿದು ಒಂದಿಡೀ ಋತು ಕೈತಪ್ಪಿತ್ತು. ಆದರೆ ನಾನು ಹೆಚ್ಚು ಯೋಚಿಸುವುದು ಜಿಲ್ಲಾ ಮಟ್ಟದ ಫುಟ್‌ಬಾಲ್ ಮತ್ತು ಕಬಡ್ಡಿ ಆಡುವ ಹುಡುಗ ಹುಡುಗಿಯರ ಬಗ್ಗೆ. ಸಾಲ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಫಿಸಿಯೊ ಬಳಿ ಹೋಗಲು ಹಣವೂ ಇಲ್ಲ, ಊರಿನಲ್ಲಿ ಫಿಸಿಯೊ ಕೂಡ ಇಲ್ಲ. ನಾಲ್ಕನೆಯ ತಿಂಗಳಿಗೆ ನೋವಿಲ್ಲವೆಂದು ಅಂಕಣಕ್ಕೆ ಇಳಿಯುತ್ತಾರೆ.

ಅಂಥವರಿಗೆ ತಿಳಿದಿರಬೇಕಾದದ್ದಿಷ್ಟು. ಈಜುಕೊಳ, ಗಾಳಿಯ ಟ್ರೆಡ್‌ಮಿಲ್ ಇಲ್ಲದೆಯೂ ಈ ದಾರಿಯ ಬಹುಪಾಲು ನಡೆಯಬಹುದು. ಕಾಲು ಪೂರ್ತಿ ಚಾಚುವುದು, ತೊಡೆ ಬಿಗಿಮಾಡುವುದು, ಗೋಡೆಗೆ ಆನಿಸಿ ಕುಳಿತು ಏಳುವುದು, ಒಂಟಿಕಾಲಿನಲ್ಲಿ ಮೆಟ್ಟಿಲು ಇಳಿಯುವುದು, ಇವಕ್ಕೆ ಯಂತ್ರ ಬೇಡ. ಯಾವ ವಾರ ಯಾವುದು ಎಂದು ಹೇಳುವ ಒಬ್ಬ ಫಿಸಿಯೊ ಬೇಕು, ಫೋನಿನಲ್ಲಾದರೂ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿ: ಕಸಿಯ ಪಟ್ಟಿಯನ್ನು ಎಲ್ಲಿಂದ ತೆಗೆಯುತ್ತೀರಿ? ಮಂಡಿಯ ಒಳಗಿನ ಮೆದುಮೂಳೆಗೂ ಪೆಟ್ಟಾಗಿದೆಯೇ? ಆರು ತಿಂಗಳ ವ್ಯಾಯಾಮದ ಪಟ್ಟಿಯನ್ನು ಬರೆದುಕೊಡುವವರು ಯಾರು? ಆಟಕ್ಕೆ ಮರಳಬಹುದೆಂದು ಯಾವ ಪರೀಕ್ಷೆ ಮಾಡಿ ಹೇಳುತ್ತೀರಿ? ಶಸ್ತ್ರಚಿಕಿತ್ಸೆಗೆಂದು ಹೊಂದಿಸಿದ ಹಣದಲ್ಲಿ ಒಂದು ಪಾಲನ್ನು ಆಮೇಲಿನ ತಿಂಗಳುಗಳಿಗೆ ಎತ್ತಿಡಿ. ಇನ್ನೂ ಗಾಯವಾಗದವರಿಗೆ, ಫಿಫಾ ಸಿದ್ಧಪಡಿಸಿದ 11 ಪ್ಲಸ್ ಎಂಬ ಸುಮಾರು 20 ನಿಮಿಷಗಳ ಮೈಬಿಸಿ ವ್ಯಾಯಾಮವಿದೆ. ಅದಕ್ಕೆ ಚೆಂಡು ಮತ್ತು ಮೈದಾನ ಬಿಟ್ಟರೆ ಹೆಚ್ಚೇನೂ ಬೇಡ. ನೆಗೆದು ಮೊಣಕಾಲು ಒಳಕ್ಕೆ ಬಾಗದಂತೆ ಇಳಿಯುವುದನ್ನು ಅದು ಕಲಿಸುತ್ತದೆ. ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿವೆ. ಶಾಲೆಯ ದೈಹಿಕ ಶಿಕ್ಷಕರು ನಾಳೆಯಿಂದಲೇ ಇದನ್ನು ಆರಂಭಿಸಬಹುದು.